ಸುಂಡಿಲಿ ಪ್ರಯೋಗವನ್ನು ಮೆಡಿಕಲ್ ಅರ್ಜಿಯಲ್ಲಿ ಮುಚ್ಚಿಡಬೇಕಾ? ನಾವು ದುಡ್ಡು ಕೊಟ್ಟು ಪಡೆದ ಸಲಹೆಯ ವಿಮರ್ಶೆ

ಹೋದ ತಿಂಗಳು ನಮ್ಮ ಊರಿನ ಕನ್ನಡ ಕೂಟದ ಊಟದಲ್ಲಿ ಒಬ್ಬ ತಾಯಿ ನನ್ನ ಪಕ್ಕ ಬಂದು ಕೂತರು. ದನಿ ತಗ್ಗಿಸಿ ಕೇಳಿದರು, "ನನ್ನ ಮಗ ಲ್ಯಾಬ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾನೆ, ಅದನ್ನ ಮೆಡಿಕಲ್ ಅರ್ಜಿಯಲ್ಲಿ ಹಾಕೋದಾ ಬೇಡವಾ? ಓದೋರು ಏನಂದ್ಕೋತಾರೋ." 2024ರಲ್ಲಿ ನಾನೂ ಹೀಗೆಯೇ ದನಿ ತಗ್ಗಿಸಿ ಇನ್ನೊಬ್ಬರನ್ನು ಕೇಳಿದ್ದೆ. ಅವತ್ತು ಊಟದ ಗಲಾಟೆಯಲ್ಲಿ ಅವರಿಗೆ ಪೂರ್ತಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ತಿಪಟೂರಿನವರು, ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಮಗಳು ಇಲ್ಲೇ ಕಾಲೇಜು ಮುಗಿಸಿ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದಳು. ಅದಕ್ಕಾಗಿ ಇಬ್ಬರ ಹತ್ತಿರ ದುಡ್ಡು ಕೊಟ್ಟು ಸಲಹೆ ತಗೊಂಡೆವು. ಮೊದಲನೆಯದು ಒಂದು ದೊಡ್ಡ ಏಜೆನ್ಸಿ, ಎರಡನೆಯದು ಮನೆಯಿಂದಲೇ ಒಬ್ಬರೇ ಕೆಲಸ ಮಾಡುವ ಒಬ್ಬ ಮೇಡಂ. ಈ ವಿಮರ್ಶೆ ಮೇಡಂ ಕೆಲಸದ್ದು. ಅವರ ಹೆಸರು ಹಾಕುವುದಿಲ್ಲ. "ವರ್ಷಕ್ಕೆ ಬೆರಳೆಣಿಕೆಯ ಮಕ್ಕಳನ್ನು ಮಾತ್ರ ತಗೊಳ್ಳುತ್ತೇನೆ, ನೆಟ್‌ನಲ್ಲಿ ಹಾಕಬೇಡಿ" ಎಂದು ಅವರೇ ಕೇಳಿಕೊಂಡಿದ್ದಾರೆ. ಆದರೂ ಇಂಥ ಸಲಹೆಗಾರರನ್ನು ಹುಡುಕುವಾಗ ಏನು ನೋಡಬೇಕು ಅನ್ನೋದು ಇದರಿಂದ ಗೊತ್ತಾಗುತ್ತದೆ ಅಂತ ನನ್ನ ನಂಬಿಕೆ.

ಊರಲ್ಲಿ ಇರುವವರಿಗೆ ಇಲ್ಲಿನ ಪದ್ಧತಿ ಸ್ವಲ್ಪ ಹೇಳಿಬಿಡುತ್ತೇನೆ. ನೀಟ್ ರ್‍ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದೆವು ಅನ್ನುವ ಹಾಗೆ ಇಲ್ಲಿ ಇಲ್ಲ. ಪರೀಕ್ಷೆಯ ಅಂಕದ ಜೊತೆಗೆ ಆ್ಯಮ್‌ಕ್ಯಾಸ್ ಎಂಬ ಒಂದೇ ಅರ್ಜಿ ಬಹುತೇಕ ಎಲ್ಲ ಎಂ.ಡಿ. ಕಾಲೇಜುಗಳಿಗೂ ಹೋಗುತ್ತದೆ (ಇಲ್ಲಿ ಡಾಕ್ಟರ್ ಆಗುವ ಮೊದಲ ಪದವಿಯೇ ಎಂ.ಡಿ.). ಅದರಲ್ಲಿ 5300 ಅಕ್ಷರದ ಒಂದು ಪ್ರಬಂಧ, ಯಾಕೆ ಡಾಕ್ಟರ್ ಆಗಬೇಕು ಅಂತ. ಆಮೇಲೆ ಇಷ್ಟು ವರ್ಷ ಏನೇನು ಮಾಡಿದೆ ಅನ್ನುವುದಕ್ಕೆ 15 ಖಾನೆಗಳು, ಒಂದೊಂದಕ್ಕೆ 700 ಅಕ್ಷರ. ಆ 15ರಲ್ಲಿ ಮೂರನ್ನು ನಿನಗೆ ಬಹಳ ಮುಖ್ಯವಾದದ್ದು ಎಂದು ಗುರುತು ಮಾಡಿದರೆ ಅವಕ್ಕೆ ಇನ್ನೂ 1325 ಅಕ್ಷರ ಸಿಗುತ್ತದೆ. ಖಾಲಿ ಜಾಗ, ಚುಕ್ಕಿ, ಅಲ್ಪವಿರಾಮ ಎಲ್ಲವೂ ಅದರಲ್ಲೇ ಲೆಕ್ಕ. ಇದರಲ್ಲಿ ಬರೆದ ಯಾವ ಸಾಲಿನ ಬಗ್ಗೆ ಬೇಕಾದರೂ ಸಂದರ್ಶನದಲ್ಲಿ ಪ್ರಶ್ನೆ ಬರಬಹುದು.

ಮಗಳ 15 ಖಾನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಗಂಟೆ ಇದ್ದದ್ದು ಲ್ಯಾಬ್ ಕೆಲಸಕ್ಕೆ. ಎರಡು ವರ್ಷ, ಖಿನ್ನತೆಗೆ ಬೇಗ ಕೆಲಸ ಮಾಡುವ ಔಷಧಗಳ ಬಗ್ಗೆ ಅಧ್ಯಯನ ಮಾಡುವ ಲ್ಯಾಬ್. ಕೆಟಮಿನ್ ಜಾತಿಯ ಔಷಧಗಳು. 2019ರಲ್ಲಿ ಎಸ್‌ಕೆಟಮಿನ್ ಎಂಬ ಮೂಗಿನ ಸ್ಪ್ರೇಗೆ ಇಲ್ಲಿ ಒಪ್ಪಿಗೆ ಸಿಕ್ಕಿತ್ತಲ್ಲ, ಆ ದಾರಿಯ ಕೆಲಸ. ಕೇಳಲು ಚೆನ್ನಾಗಿದೆ. ಆದರೆ ಅವಳ ದಿನದ ಕೆಲಸ ಏನೆಂದರೆ ಬಲವಂತದ ಈಜು ಪರೀಕ್ಷೆ. ಫ್ರಾನ್ಸ್‌ನಲ್ಲಿ ಪೋರ್ಸೋಲ್ಟ್ ಎಂಬವರು 1977ರಲ್ಲಿ ಶುರು ಮಾಡಿದ್ದು. ಎತ್ತರದ ಗಾಜಿನ ಪಾತ್ರೆಯಲ್ಲಿ 24 ಡಿಗ್ರಿ ನೀರು ತುಂಬಿ ಸುಂಡಿಲಿಯನ್ನು ಬಿಡುತ್ತಾರೆ. ಕಾಲು ಊರಲು ಆಗುವುದಿಲ್ಲ, ಹತ್ತಿ ಬರಲೂ ಆಗುವುದಿಲ್ಲ. ಮೊದಲು ಜೋರಾಗಿ ಈಜುತ್ತದೆ, ಗಾಜನ್ನು ಕೆರೆಯುತ್ತದೆ, ಆಮೇಲೆ ಮೂಗು ಮಾತ್ರ ಮೇಲಿಟ್ಟುಕೊಂಡು ಸುಮ್ಮನೆ ತೇಲುತ್ತದೆ. ಆರು ನಿಮಿಷ. ಕೊನೆಯ ನಾಲ್ಕು ನಿಮಿಷದಲ್ಲಿ ಎಷ್ಟು ಸೆಕೆಂಡ್ ಸುಮ್ಮನೆ ತೇಲಿತು ಎಂದು ಲೆಕ್ಕ ಹಾಕುತ್ತಾರೆ. ಔಷಧ ಕೊಟ್ಟ ಇಲಿ ಜಾಸ್ತಿ ಹೊತ್ತು ಈಜಿದರೆ ಔಷಧಕ್ಕೆ ಗುಣ ಇದೆ ಅಂತ ಅರ್ಥ ಮಾಡಿಕೊಳ್ಳುವುದು.

ಇದನ್ನು ಓದಿದ ಕೂಡಲೇ ನಿಮಗೆ ಒಂದು ಥರ ಆಯಿತು, ಅಲ್ವಾ? ಅರ್ಜಿ ಓದುವವರಿಗೂ ಹಾಗೇ ಆಗಬಹುದು. ನಮ್ಮ ಭಯ ಅದೇ ಆಗಿತ್ತು.

ಏಜೆನ್ಸಿಯವರು ಈ ಭಯಕ್ಕೆ ಸುಲಭದ ಪರಿಹಾರ ಕೊಟ್ಟರು. ಮೂರು ಸಾವಿರ ಡಾಲರ್‌ಗೂ ಮೇಲಿನ ಪ್ಯಾಕೇಜ್. ಇಲಿ ಎನ್ನುವ ಪದವೇ ಬೇಡ, ನೀರು ಬೇಡ, ದತ್ತಾಂಶ ವಿಶ್ಲೇಷಣೆ ಮಾಡಿದೆ ಎಂದು ಬರೆಯಿರಿ ಎಂದರು. ಎರಡು ದಿನದಲ್ಲಿ ಅವರೇ ಬರೆದು ಕಳಿಸಿದರು. "ವರ್ತನೆಯ ಪರೀಕ್ಷೆಗಳನ್ನು ನಡೆಸಲಾಯಿತು, ಪೂರ್ವ ಕ್ಲಿನಿಕಲ್ ಮಾದರಿಗಳನ್ನು ಬಳಸಲಾಯಿತು" ಅನ್ನುವ ರೀತಿಯ ಇಂಗ್ಲಿಷ್. ಯಾರು ನಡೆಸಿದರು, ಯಾವ ಮಾದರಿ, ಒಂದೂ ಇಲ್ಲ. ಮಗಳು ಓದಿ ಫೋನ್ ಕೆಳಗಿಟ್ಟು, "ಅಮ್ಮಾ, ಇದನ್ನ ಓದಿ ಯಾರಾದ್ರೂ ನೀನು ಏನು ಮಾಡಿದೆ ಅಂತ ಕೇಳಿದ್ರೆ ನಾನು ಏನು ಹೇಳ್ಲಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಟ್ಟಿದ ದುಡ್ಡಿನಲ್ಲಿ ಅರ್ಧ ವಾಪಸ್ ಬಂತು.

ಆಮೇಲೆ ಗೆಳತಿಯೊಬ್ಬಳ ಮೂಲಕ ಮೇಡಂ ಸಿಕ್ಕಿದರು. ಹಿಂದೆ ಒಂದು ಮೆಡಿಕಲ್ ಸ್ಕೂಲಿನ ಪ್ರವೇಶ ಸಮಿತಿಯಲ್ಲಿ ಅರ್ಜಿ ಓದುತ್ತಿದ್ದವರು, ಈಗ ನಿವೃತ್ತರು. ಗಂಟೆಗೆ 180 ಡಾಲರ್. ಪ್ಯಾಕೇಜ್ ಇಲ್ಲ, ವಿಡಿಯೋ ಕರೆಯಲ್ಲಿ ಕೂತಷ್ಟು ಹೊತ್ತಿಗೆ ಮಾತ್ರ ಬಿಲ್. ನಮಗೆ ಒಟ್ಟು ಒಂಬತ್ತು ಗಂಟೆ ಆಯಿತು, ಅಂದರೆ 1620 ಡಾಲರ್.

ಮೊದಲ ದಿನ ಒಂದೂವರೆ ಗಂಟೆ ಮಾತಾಡಿದರು, ಪ್ರಬಂಧದ ಕಡತ ತೆಗೆಯಲೇ ಇಲ್ಲ. ಬರೀ ಪ್ರಶ್ನೆ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ, ಮಗಳು ಊಟದ ಮೇಜಿನ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು, ಎಲ್ಲ ಕೇಳಿಸುತ್ತಿತ್ತು. ನೀರು ತುಂಬಿಸುತ್ತಿದ್ದವರು ಯಾರು? ನಾನು. ನೀರಿನಿಂದ ತೆಗೆಯುತ್ತಿದ್ದವರು? ನಾನೇ. ತೆಗೆದ ಮೇಲೆ? ಟಿಶ್ಯೂ ಪೇಪರಿನಲ್ಲಿ ಸುತ್ತಿ ಒರೆಸಿ, ಬಿಸಿ ದೀಪದ ಕೆಳಗಿನ ಪಂಜರಕ್ಕೆ ಬಿಡುತ್ತಿದ್ದೆ, ಮೈ ಒಣಗುವವರೆಗೂ ಅಲ್ಲೇ ನಿಂತಿರುತ್ತಿದ್ದೆ. ಯಾಕೆ ನಿಂತಿರುತ್ತಿದ್ದೆ? ಒದ್ದೆ ಮೈಯಲ್ಲಿ ಬೇಗ ಚಳಿ ಹಿಡಿದುಬಿಡುತ್ತೆ. ಅಧ್ಯಯನ ಮುಗಿದ ಮೇಲೆ ಅವು ಏನಾದವು?

ಮಗಳು ಮಾತಾಡಲಿಲ್ಲ. ಮೇಡಂ ಕೂಡ ಕಾದರು, ಮಧ್ಯೆ ಬಾಯಿ ಹಾಕಲಿಲ್ಲ. ಆಮೇಲೆ ಅವಳು ಮೆಲ್ಲಗೆ ಹೇಳಿದಳು. ಇಂಗಾಲದ ಡೈಆಕ್ಸೈಡ್ ಪೆಟ್ಟಿಗೆಯಲ್ಲಿಟ್ಟು ಕೊನೆಗಾಣಿಸುವುದು, ಆಮೇಲೆ ಮಿದುಳು ತೆಗೆಯುವುದು. ಎರಡನೇ ವರ್ಷದಲ್ಲಿ ತರಬೇತಿ ಪಡೆದು ಅದನ್ನೂ ತಾನೇ ಮಾಡುತ್ತಿದ್ದೆ ಅಂತ. ನನ್ನ ಕೈಯಲ್ಲಿ ಚಾಕು ಹಾಗೇ ನಿಂತಿತು. ಎರಡು ವರ್ಷ ನನಗೆ ಅದು ಗೊತ್ತೇ ಇರಲಿಲ್ಲ. ತಿಪಟೂರಿನಲ್ಲಿ ನಮ್ಮಜ್ಜಿ ಬೋನಿಗೆ ಬಿದ್ದ ಇಲಿಯನ್ನು ಕೆರೆ ಏರಿಯ ಆಚೆ ಬಿಟ್ಟು ಬರಲು ನಮ್ಮನ್ನು ಕಳಿಸುತ್ತಿದ್ದರು, ಮನೆಗೆ ಇಲಿ ಪಾಷಾಣ ತರಲು ಬಿಡುತ್ತಿರಲಿಲ್ಲ. ಅಂಥ ಮನೆಯ ಮಗು ಇದು. ಅವಳು ನನ್ನಿಂದ ಮುಚ್ಚಿಟ್ಟದ್ದಕ್ಕೆ ಬೇಜಾರಾಯಿತೋ, ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದಳಲ್ಲ ಅಂತ ಸಂಕಟವಾಯಿತೋ, ಈಗಲೂ ಬಿಡಿಸಿ ಹೇಳಲಾರೆ. ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ನನಗೆ ಈ ಸೇವೆಯಲ್ಲಿ ಸಿಕ್ಕ ದೊಡ್ಡ ಲಾಭ ಅದೇ, ಬಿಲ್‌ನಲ್ಲಿ ಇಲ್ಲದ್ದು.

ಮೇಡಂ ಅವತ್ತು ಬೈಯಲೂ ಇಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮನೆಗೆಲಸ ಕೊಟ್ಟರು. ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರು ಯಾರು, ಏನು ನೋಡಿ ಕೊಟ್ಟರು, ಓದಿಕೊಂಡು ಬಾ ಅಂದರು. ಲ್ಯಾಬ್‌ನಲ್ಲಿ ಅನುಮೋದನೆಯ ದಾಖಲೆ ಯಾವತ್ತೂ ಇತ್ತು, ಅವಳು ಸಹಿ ಹಾಕಿದ್ದಳು, ಪೂರ್ತಿ ಓದಿರಲಿಲ್ಲ. ಈಗ ಓದಿದಳು. ಇಲ್ಲಿ ಪ್ರಾಣಿ ಪ್ರಯೋಗಕ್ಕೆ ಪ್ರತಿ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು ಎಂದು 1985ರಲ್ಲಿ ಕಾನೂನು ಬಂತು. ಅದರಲ್ಲಿ ಒಬ್ಬ ಪಶುವೈದ್ಯರು ಇರಬೇಕು, ಸಂಸ್ಥೆಗೆ ಸಂಬಂಧವೇ ಇಲ್ಲದ ಹೊರಗಿನವರು ಒಬ್ಬರು ಇರಬೇಕು. ವಿಚಿತ್ರ ಅಂದರೆ, 1966ರ ಪ್ರಾಣಿ ಕಲ್ಯಾಣ ಕಾಯ್ದೆಯ ಲೆಕ್ಕದಲ್ಲಿ ಲ್ಯಾಬ್‌ಗೆಂದೇ ಸಾಕಿದ ಸುಂಡಿಲಿ ಪ್ರಾಣಿಯೇ ಅಲ್ಲ, ಅದನ್ನು ಹೊರಗಿಟ್ಟಿದ್ದಾರೆ. ಆದರೆ ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಇಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನಿಂದ ದುಡ್ಡು ಪಡೆಯುವ ಕಡೆಯಲ್ಲೆಲ್ಲ ಸುಂಡಿಲಿಗೂ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ಸೂತ್ರಗಳನ್ನೂ ಓದಿದಳು. ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಬಳಸು, ಬಳಸಲೇಬೇಕಾದರೆ ಕಡಿಮೆ ಪ್ರಾಣಿ ಬಳಸು, ಬಳಸಿದಾಗ ನೋವು ಕಡಿಮೆ ಮಾಡು.

ಇದಕ್ಕಿಂತ ಮುಖ್ಯವಾದದ್ದು ಎರಡನೇ ಮನೆಗೆಲಸ. ಈ ಪರೀಕ್ಷೆಯನ್ನು ವಿರೋಧಿಸುವವರು ಏನು ಹೇಳುತ್ತಾರೆ, ಅವರ ವಾದವನ್ನು ಅವರೇ ಒಪ್ಪುವ ಹಾಗೆ ನನಗೆ ಹೇಳು ಅಂದರು. ಅವಳು ಹುಡುಕಿದಾಗ ತಿಳಿದದ್ದು, ವಿರೋಧ ಬರೀ ದಯೆಯ ಮಾತಲ್ಲ. ಸುಂಡಿಲಿ ತೇಲುವುದು ಹತಾಶೆಯಿಂದಲೋ, ಇಲ್ಲಿಂದ ಹೊರಗೆ ದಾರಿ ಇಲ್ಲ, ಶಕ್ತಿ ಉಳಿಸಿಕೊಳ್ಳೋಣ ಎಂದು ಕಲಿತದ್ದರಿಂದಲೋ ಎಂದು ವಿಜ್ಞಾನಿಗಳೇ ಜಗಳವಾಡುತ್ತಾರೆ. ಎರಡನೆಯದು ನಿಜವಾದರೆ ಮನುಷ್ಯರ ಖಿನ್ನತೆಗೂ ಇದಕ್ಕೂ ಏನು ಸಂಬಂಧ? ಅದೇ 2024ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಈ ಪರೀಕ್ಷೆಯನ್ನು ಕಾನೂನು ಮಾಡಿ ನಿಷೇಧಿಸಿತು. ತಾನು ಎರಡು ವರ್ಷ ಸ್ಟಾಪ್‌ವಾಚ್ ಹಿಡಿದು ನಿಂತ ಪರೀಕ್ಷೆ ಇನ್ನೊಂದು ಕಡೆ ಕಾನೂನು ಪ್ರಕಾರ ತಪ್ಪು ಅಂತ ಗೊತ್ತಾದಾಗ ಅವಳ ಮುಖ ನೋಡಬೇಕಿತ್ತು. ಮೇಡಂ ಹತ್ತಿರ ಬರದಿದ್ದರೆ ಇದನ್ನು ಸಂದರ್ಶನದ ಕೋಣೆಯಲ್ಲಿ ಮೊದಲ ಸಲ ಕೇಳುತ್ತಿದ್ದಳೋ ಏನೋ.

ಬರವಣಿಗೆ ಶುರುವಾದದ್ದು ಇಷ್ಟಾದ ಮೇಲೆ. ಅವರು ಒಂದು ಸಾಲನ್ನೂ ತಾವು ಬರೆಯುವುದಿಲ್ಲ. ಅರ್ಜಿಯ ಕೊನೆಯಲ್ಲಿ ಇದು ನನ್ನದೇ ಬರಹ ಎಂದು ಅರ್ಜಿದಾರರು ದೃಢೀಕರಿಸಬೇಕು, ಹಾಗಾಗಿ ನಾನು ಬರೆದರೆ ನೀನು ಮೊದಲ ದಿನವೇ ಸುಳ್ಳು ಹೇಳಿದ ಹಾಗೆ ಅಂತ ಖಡಾಖಂಡಿತವಾಗಿ ಹೇಳಿದರು. ಅಂಚಿನಲ್ಲಿ ಪ್ರಶ್ನೆ ಬರೆದು ಕಳಿಸುತ್ತಾರೆ, ಅಷ್ಟೇ.

ಆ ಪ್ರಶ್ನೆಗಳಲ್ಲಿ ಒಂದೆರಡು ಹೇಳುತ್ತೇನೆ. "ಬಳಸುವ ಇಲಿಗಳ ಸಂಖ್ಯೆಯನ್ನು ಕಡಿಮೆ ಮಾಡಿದೆ" ಎಂದು ಮಗಳು ಬರೆದಿದ್ದಳು. ಪಕ್ಕದಲ್ಲಿ, ಕಡಿಮೆ ಮಾಡಿದ್ದು ನೀನಾ? ಅಂತ ಬಂತು. ನಿಜವಾಗಿ ಅದನ್ನು ನಿರ್ಧರಿಸಿದ್ದು ಲ್ಯಾಬ್‌ನ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಅಲ್ಲಿ ಸಂಶೋಧನೆ ಮಾಡುತ್ತಿದ್ದವರು. ಮಗಳು ಹಳೆಯ ವಿಡಿಯೋಗಳನ್ನು ಇನ್ನೊಮ್ಮೆ ಕೂತು ಎಣಿಸಿ ಕೊಟ್ಟಿದ್ದಳು, ಅದರಿಂದ ಒಂದು ಗುಂಪಿನ ಇಲಿಗಳನ್ನು ಹೊಸದಾಗಿ ಬಳಸುವುದು ತಪ್ಪಿತ್ತು. ಹಾಗಾದರೆ ಹಾಗೇ ಬರಿ ಅಂದರು. ಹಾಗೇ ಬರೆದಳು, ಮೊದಲಿನ ಸಾಲಿಗಿಂತ ಅದೇ ಚೆನ್ನಾಗಿತ್ತು. ಇನ್ನೊಂದು ಕಡೆ 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ಕಂಡುಹಿಡಿದ ಕಥೆ ಸೇರಿಸಿದ್ದಳು, ಪ್ರಾಣಿ ಪ್ರಯೋಗದಿಂದ ಜೀವ ಉಳಿಯುತ್ತದೆ ಎಂದು ತೋರಿಸಲು. ಮೇಡಂ ಅದಕ್ಕೆ ಅಡ್ಡಗೆರೆ ಎಳೆದರು. ಅದು ನಿಜ, ಆದರೆ ಅದು ಅವರ ಕೆಲಸ, ಅವರ ನಾಯಿಗಳು. ನಿನ್ನ ಸುಂಡಿಲಿಗಳಿಂದ ಇನ್ನೂ ಯಾರ ಜೀವವೂ ಉಳಿದಿಲ್ಲ, ಉಳಿದ ಹಾಗೆ ಬರೆಯಬೇಡ. ನನ್ನ ಗಂಡನಿಗೆ ಈ ಮಾತು ಸ್ವಲ್ಪ ಕಟುವಾಯಿತು ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ.

ಎಲ್ಲಿ ಹಾಕಬೇಕು ಎನ್ನುವುದರ ಬಗ್ಗೆಯೂ ಅವರ ಅಭಿಪ್ರಾಯ ಗಟ್ಟಿ. ದೊಡ್ಡ ಪ್ರಬಂಧದಲ್ಲಿ ಬೇಡ, ಅದು ಡಾಕ್ಟರ್ ಯಾಕೆ ಆಗಬೇಕು ಎನ್ನುವುದಕ್ಕೆ, ಅಲ್ಲಿ ಇದನ್ನು ತಂದರೆ ಓದುವವರ ಮನಸ್ಸು ಪೂರ್ತಿ ಇಲಿಗಳ ಹಿಂದೆ ಹೋಗುತ್ತದೆ. ಬರೀ 700 ಅಕ್ಷರದ ಖಾನೆಯಲ್ಲೂ ಬೇಡ, ಅಷ್ಟರಲ್ಲಿ ಕೆಲಸ ಹೇಳಬಹುದು, ಅದರ ಬಗ್ಗೆ ಯೋಚಿಸಿದ್ದನ್ನು ಹೇಳಲು ಜಾಗ ಸಾಲದು. ಮೂರು ಮುಖ್ಯವಾದವುಗಳಲ್ಲಿ ಒಂದಾಗಿ ಮಾಡು ಎಂದರು. ಇಲಿಗಳ ಸಾವಿನ ಬಗ್ಗೆ ಒಂದೇ ಒಂದು ಸಾಲು, ನೇರವಾಗಿ, ಕರ್ತೃ ಸಮೇತ. "ನಾನು" ಅನ್ನುವ ಪದ ಆ ಸಾಲಿನಲ್ಲಿ ಇರಲೇಬೇಕು. ಅದಕ್ಕಿಂತ ಜಾಸ್ತಿ ವಿವರ ಬೇಡ, ಓದುವವರನ್ನು ಅಲ್ಲಾಡಿಸಲು ಬರೆಯುವುದು ಕೂಡ ಒಂದು ಥರದ ತೋರಿಕೆ ಅಂದರು. ಲ್ಯಾಬ್‌ನವರು ಇನ್ನೂ ಪ್ರಕಟಿಸದ ಫಲಿತಾಂಶ, ಲ್ಯಾಬ್ ಯಾವ ಕಟ್ಟಡದಲ್ಲಿದೆ ಎಂಬ ವಿವರ, ಇವನ್ನೆಲ್ಲ ತೆಗೆಸಿದರು. ಮುಖ್ಯಸ್ಥರ ಒಪ್ಪಿಗೆ ಕೇಳಿ ಆಮೇಲೆ ಕಳಿಸು ಎಂದರು. ಶಿಫಾರಸು ಪತ್ರ ಬರೆಯುವುದು ಅವರೇ ತಾನೆ, ಅರ್ಜಿಯಲ್ಲಿ ಒಂದು ಪತ್ರದಲ್ಲಿ ಇನ್ನೊಂದು ಆದರೆ ಕಷ್ಟ.

ಕೊನೆಯಲ್ಲಿ ಅವಳ ಖಾನೆಯಲ್ಲಿ ಇದ್ದದ್ದು ಇಷ್ಟು: ಏನು ಮಾಡಿದೆ, ಒಣಗುವವರೆಗೂ ಯಾಕೆ ನಿಂತಿರುತ್ತಿದ್ದೆ, ಅವುಗಳನ್ನು ನಾನೇ ಕೊನೆಗಾಣಿಸಿದೆ, ಈ ಪರೀಕ್ಷೆಯ ಮೇಲೆ ನನಗೆ ಈಗ ಯಾವ ಅನುಮಾನ ಇದೆ, ಆ ಅನುಮಾನವನ್ನು ಲ್ಯಾಬ್ ಮೀಟಿಂಗಿನಲ್ಲಿ ಎತ್ತಿದಾಗ ಏನು ಉತ್ತರ ಸಿಕ್ಕಿತು. ಉತ್ತರ ಅವಳಿಗೆ ಪೂರ್ತಿ ಸಮಾಧಾನ ಕೊಟ್ಟಿರಲಿಲ್ಲ. ಅದನ್ನೂ ಬರೆದಳು, ಲ್ಯಾಬ್‌ನವರನ್ನು ದೂರದೆ.

ಅಣಕು ಸಂದರ್ಶನ ಎರಡು ಸಲ ಮಾಡಿದರು. ಮೊದಲ ಸಲ ಮೇಡಂ ದನಿ ಎತ್ತರಿಸಿ, ನೀನು ಚಿತ್ರಹಿಂಸೆ ಕೊಟ್ಟಿದ್ದೀಯ, ನಿನ್ನ ಕೈಗೆ ರೋಗಿಗಳನ್ನು ಹೇಗೆ ಒಪ್ಪಿಸುವುದು ಎಂದು ಕೇಳಿದರು. ಮಗಳು ಗಡಬಡಿಸಿ ಸಮಿತಿ, ಕಾನೂನು, ಒಪ್ಪಿಗೆ ಎಂದು ನಾಲ್ಕು ನಿಮಿಷ ಮಾತಾಡಿದಳು. ನಿಲ್ಲಿಸಿ, ಸಮಿತಿಯ ಹಿಂದೆ ಅಡಗಿಕೊಳ್ಳಬೇಡ, ಒಪ್ಪಿಗೆ ಇತ್ತು ಅನ್ನುವುದು ಒಂದೇ ಸಾಲು, ಮಿಕ್ಕಿದ್ದು ನಿನ್ನ ಮಾತಾಗಿರಲಿ ಅಂದರು. ಎರಡನೇ ಸಲ ಎರಡು ನಿಮಿಷದಲ್ಲಿ ಮುಗಿಸಿದಳು.

ನಿಜವಾದ ಸಂದರ್ಶನಗಳಲ್ಲಿ ಒಂದು ಕಡೆ ಮಾತ್ರ ಇದರ ಪ್ರಶ್ನೆ ಬಂತು. ವಯಸ್ಸಾದ ಡಾಕ್ಟರೊಬ್ಬರು, ಆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡು ಎಂದರೆ ಮಾಡುತ್ತೀಯಾ ಎಂದು ಕೇಳಿದರಂತೆ. ಲ್ಯಾಬ್‌ನ ಅದೇ ಸಂಶೋಧನೆಗೆ ಅದೇ ಪರೀಕ್ಷೆಯಾದರೆ ಇಲ್ಲ, ಆದರೆ ಅಂದು ಮಾಡಿದ್ದನ್ನು ಮಾಡಿಲ್ಲ ಎನ್ನುವುದೂ ಇಲ್ಲ ಎಂದಳಂತೆ. ಸೀಟು ಸಿಕ್ಕಿದ್ದು ಆ ಕಾಲೇಜಿನಲ್ಲಿ ಅಲ್ಲ, ಬೇರೆ ಕಡೆ. ಹಾಗಾಗಿ ಮೇಡಂನಿಂದಲೇ ಸೀಟು ಸಿಕ್ಕಿತು ಎಂದು ನಾನು ಹೇಳುವುದಿಲ್ಲ, ಅವಳ ಅಂಕ, ಆಸ್ಪತ್ರೆಯ ಕೆಲಸ ಎಲ್ಲವೂ ಇತ್ತು.

ಕುಂದುಕೊರತೆ ಇದೆ, ಅದನ್ನೂ ಹೇಳಬೇಕು. ಮೇಲ್‌ಗೆ ಉತ್ತರ ಬರಲು ಐದಾರು ದಿನ ಹಿಡಿಯುತ್ತದೆ. ಮೇ ತಿಂಗಳ ಕೊನೆಯಲ್ಲಿ ಅರ್ಜಿ ಕಳಿಸುವ ಹೊತ್ತಿಗೆ ಇದು ಬಹಳ ಹಿಂಸೆಯಾಯಿತು, ನಾನು ದಿನಕ್ಕೆ ನಾಲ್ಕು ಸಲ ಮಗಳನ್ನು ಉತ್ತರ ಬಂತಾ ಅಂತ ಕೇಳುತ್ತಿದ್ದೆ. ಯಾವ ಕಾಲೇಜುಗಳಿಗೆ ಹಾಕಬೇಕು ಎಂಬ ಪಟ್ಟಿಗೆ ಅವರಿಂದ ಸಹಾಯ ಇಲ್ಲ. ಪಶುವೈದ್ಯಕೀಯದ ಅರ್ಜಿ ಬೇರೆಯೇ ಪದ್ಧತಿ, ಅದು ನನಗೆ ತಿಳಿಯದು ಎಂದು ನಮ್ಮ ಪರಿಚಯದ ಹುಡುಗಿಯೊಬ್ಬಳನ್ನು ವಾಪಸ್ ಕಳಿಸಿದರು, ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಇನ್ನೊಂದು, ಮಕ್ಕಳು ತುಂಬಾ ನಾಜೂಕಾಗಿದ್ದರೆ ಅವರ ಮೊದಲ ದಿನದ ಪ್ರಶ್ನೆಗಳು ಜಾಸ್ತಿ ಆಗಬಹುದು. ನನ್ನ ಮಗಳು ಆ ದಿನ ಊಟ ಮಾಡಲಿಲ್ಲ.

ಭಾರತದಲ್ಲಿ ಓದಿ ಇಲ್ಲಿಗೆ ಅರ್ಜಿ ಹಾಕುವವರಿಗೆ ಅವರು ಅಷ್ಟು ಉಪಯೋಗ ಆಗಲಾರರು. ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಎಂ.ಫಾರ್ಮ್ ಮಾಡುವಾಗ ಇಲಿಗಳ ಮೇಲೆ ಕೆಲಸ ಮಾಡಿದ್ದಾಳೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಅದರ ಕೆಳಗೆ 1998ರ ನಿಯಮಗಳಿವೆ, ಪ್ರತಿ ಕಾಲೇಜಿನಲ್ಲೂ ನೈತಿಕ ಸಮಿತಿ ಫಾರ್ಮ್ ಬಿ ಎಂಬ ಅರ್ಜಿ ನೋಡಿಯೇ ಒಪ್ಪಿಗೆ ಕೊಡುವುದು ಎಂದು ನಾನು ಹೇಳಿದಾಗ ಮೇಡಂ ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡರು. ಇಲ್ಲಿ ಅರ್ಜಿ ಓದುವವರಿಗೂ ಇದು ಗೊತ್ತಿರುವುದಿಲ್ಲ. ಹಾಗಾಗಿ ಊರಿನಿಂದ ಅರ್ಜಿ ಹಾಕುವ ಮಕ್ಕಳು ಒಪ್ಪಿಗೆ ಯಾರು ಕೊಟ್ಟರು ಎಂಬ ಒಂದು ಸಾಲನ್ನು ತಾವೇ ಸೇರಿಸಿಕೊಳ್ಳಬೇಕು.

ದುಡ್ಡು ಖರ್ಚು ಮಾಡುವ ಮೊದಲು ಕಾಲೇಜಿನ ಸಲಹಾ ಕಚೇರಿಗೆ ಹೋಗಿ. ಅದು ಉಚಿತ, ನಮಗೆ ಆಮೇಲೆ ನೆನಪಾಯಿತು. ಅಲ್ಲಿನವರು ಒಂದು ಸಲ ಓದಿ ಕೊಟ್ಟ ಎರಡು ಸಲಹೆಗಳಲ್ಲಿ ಒಂದು ಬಹಳ ಕೆಲಸಕ್ಕೆ ಬಂತು. ಇನ್ನು ಯಾರಾದರೂ ಸಲಹೆಗಾರರು ಮೊದಲ ಅರ್ಧ ಗಂಟೆಯಲ್ಲೇ ಯಾವ ಪದ ತೆಗೆಯಬೇಕು ಎಂದು ಹೇಳಲು ಶುರು ಮಾಡಿದರೆ ಅವರಿಗೆ ದುಡ್ಡು ಕೊಡಬೇಡಿ.

ಮೇಡಂಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಮೇ ತಿಂಗಳ ಮೇಲ್‌ಗಳಿಗೆ. ಕನ್ನಡ ಕೂಟದ ಆ ತಾಯಿಗೆ ಅವರ ನಂಬರ್ ಕಳಿಸಿದ್ದೇನೆ, ಜೊತೆಗೆ ಮಗನನ್ನು ಒಂದು ದಿನ ಊಟಕ್ಕೆ ಕಳಿಸಿ ಅಂದಿದ್ದೇನೆ. ನನ್ನ ಮಗಳು ರಜಕ್ಕೆ ಬಂದಿದ್ದಾಳೆ, ಅವನ ಹತ್ತಿರ ತಾನೇ ಮಾತಾಡುತ್ತೇನೆ ಎಂದಿದ್ದಾಳೆ.